ಬಾಯಿಪಾಠದ ರಾಗ, ಕಲಿಯಬೇಕಾದ ಕೊರಳು

ಸಂಗೀತ ಮಹಾವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅಭ್ಯರ್ಥಿಯನ್ನು ಹತ್ತು ಹದಿನೈದು ನಿಮಿಷ ಹಾಡಿಸಿ, ಇಲ್ಲವೆ ನುಡಿಸಿ, ಕೇಳುತ್ತಾರೆ. ಕೇಳುವ ಕ್ರಮ ಒಂದೊಂದು ಕಡೆ ಒಂದೊಂದು ಬಗೆ. ಆದರೆ ಆ ಹತ್ತು ನಿಮಿಷಕ್ಕೆ ಸಿದ್ಧರಾಗುವುದು ಹೇಗೆ ಎಂಬ ವಿಷಯದಲ್ಲಿ ಬೆಳಗಾವಿ ಜಿಲ್ಲೆಯ ಈ ಭಾಗದಲ್ಲಿ, ಸವದತ್ತಿ ಸೀಮೆಯ ಚಚಡಿಯಂಥ ಊರುಗಳಿಂದ ಹಿಡಿದು ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಪೇಟೆಗಳವರೆಗೆ, ಒಂದೇ ಅಭಿಪ್ರಾಯ ಬೇರೂರಿದೆ. ಪಿಯುಸಿ ಮುಗಿದೊಡನೆ ಎಲ್ಲಾದರೂ ಒಂದು ಕ್ಲಾಸು ಹಚ್ಚಬೇಕು. ರಜೆಯ ಎರಡು ತಿಂಗಳಲ್ಲಿ ಒಂದು ರಾಗದ ಒಂದು ಚೀಜು, ಅದರ ಆಲಾಪ, ಅದರ ತಾನುಗಳನ್ನು ವಹಿಯಲ್ಲಿ ಬರೆಸಿಕೊಂಡು ಬಾಯಿಪಾಠ ಮಾಡಬೇಕು. ಕೊನೆಗೆ ಒಂದು ವಚನವನ್ನೋ ದಾಸರ ಪದವನ್ನೋ ಜೋಡಿಸಬೇಕು. ಕೈಯಲ್ಲಿ ಒಂದು ಸರ್ಟಿಫಿಕೇಟು ಇದ್ದರೆ ಮತ್ತೂ ಒಳ್ಳೆಯದು. ಊರ ಭಜನೆಯಲ್ಲಿ ಹಾಡಿದ ರೂಢಿ ಇದ್ದರೆ ಅದನ್ನು ಬಾಯಿಬಿಡಬಾರದು, ಭಜನೆಯಿಂದ ಕೊರಳು ಕೆಡುತ್ತದೆ ಎಂಬುದು ಇದರ ಬಾಲ. ಈ ಅಭಿಪ್ರಾಯ ಬುಡದಿಂದಲೇ ತಪ್ಪು. ಕಲಿಯುವ ಹುಮ್ಮಸ್ಸಿನಿಂದ ಹೋದ ಹಳ್ಳಿಯ ಹುಡುಗ ಹುಡುಗಿಯರಿಗೆ ಇದು ಮಾಡಿರುವಷ್ಟು ಕೇಡನ್ನು ಬಡತನವೂ ಮಾಡಿಲ್ಲ.

ಕಾಲೇಜಿನ ಪ್ರವೇಶ ಪರೀಕ್ಷೆ ಕಛೇರಿಯಲ್ಲ. ಕಛೇರಿ ಮಾಡಬಲ್ಲವರಿಗೆ ಕಾಲೇಜಿನ ಮೊದಲ ವರ್ಷದಲ್ಲಿ ಕೆಲಸವಿಲ್ಲ. ಎದುರಿಗೆ ಕುಳಿತ ಅಧ್ಯಾಪಕರಿಗೆ ತಿಳಿಯಬೇಕಾದದ್ದು ಒಂದೇ: ಮುಂದಿನ ಮೂರು ನಾಲ್ಕು ವರ್ಷ ಈ ಕೊರಳಿಗೆ, ಈ ಕಿವಿಗೆ ಕಲಿಸಿದರೆ ಹತ್ತುತ್ತದೆಯೇ? ಅದನ್ನು ತಿಳಿಯಲು ಅವರು ಷಡ್ಜವನ್ನು ನಿಲ್ಲಿಸಿ ಹಾಡಲು ಹೇಳುತ್ತಾರೆ. ತಾವು ಹಾಡಿದ ಸ್ವರಗುಚ್ಛವನ್ನು ತಿರುಗಿ ಹಾಡಲು ಹೇಳುತ್ತಾರೆ. ಕೈಯಲ್ಲಿ ತಾಳ ಹಾಕಿಸುತ್ತಾರೆ. ಹಾಡುತ್ತಿರುವ ಚೀಜನ್ನು ನಡುವೆ ನಿಲ್ಲಿಸಿ, ಅದೇ ಸಾಲನ್ನು ಬೇರೆ ಸ್ವರದಿಂದ ಎತ್ತಲು ಕೇಳುತ್ತಾರೆ. ಬಾಯಿಪಾಠದ ಅಭ್ಯರ್ಥಿ ಎಡವುವುದು ಸರಿಯಾಗಿ ಇಲ್ಲೇ. ಮೊದಲ ತಾನಿನಿಂದ ಹತ್ತನೆಯ ತಾನಿನವರೆಗೆ ತಡೆಯಿಲ್ಲದೆ ಓಡಿದ ಹಾಡು, ಮೂರನೆಯದರಲ್ಲಿ ನಿಲ್ಲಿಸಿದರೆ ಮತ್ತೆ ಮೊದಲಿನಿಂದಲೇ ಆರಂಭವಾಗಬೇಕಾಗುತ್ತದೆ. ಆ ಹೊತ್ತಿಗೆ ಹಾಡಿನ ಒಳಗೆ ರಾಗ ಇಲ್ಲ, ಸ್ವರಗಳ ಸಾಲು ಮಾತ್ರ ಇದೆ ಎಂಬುದು ಕೇಳುವವರಿಗೆ ತಿಳಿದುಹೋಗಿರುತ್ತದೆ.

ಈ ತಪ್ಪು ಅಭಿಪ್ರಾಯ ಬಂದ ದಾರಿ ಎರಡು. ಎರಡೂ ತಮ್ಮಷ್ಟಕ್ಕೆ ಗೌರವದ ದಾರಿಗಳೇ.

ಮೊದಲನೆಯದು ಪರೀಕ್ಷಾ ಮಂಡಳಿಗಳದು. ವಿಷ್ಣು ದಿಗಂಬರ ಪಲುಸ್ಕರರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಅವರ ತರುವಾಯ, 1931ರಲ್ಲಿ, ಶಿಷ್ಯರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳವನ್ನು ಕಟ್ಟಿದರು. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಎಂಬ ಮೆಟ್ಟಿಲುಗಳು ಅಲ್ಲಿಂದ ಊರೂರಿಗೆ ಹರಡಿದವು. ಭಾತಖಂಡೆಯವರು ರಾಗಗಳನ್ನು ಹತ್ತು ಥಾಟುಗಳಲ್ಲಿ ಜೋಡಿಸಿ, ಘರಾಣೆಗಳ ಒಳಮನೆಯಲ್ಲಿದ್ದ ಚೀಜುಗಳನ್ನು ಅಚ್ಚು ಮಾಡಿಸಿ, 1926ರಲ್ಲಿ ಲಖನೌದಲ್ಲಿ ಕಾಲೇಜು ನಡೆಯುವಂತೆ ಮಾಡಿದರು. ಈ ಇಬ್ಬರು ಇಲ್ಲದಿದ್ದರೆ ಉಸ್ತಾದರ ಮನೆಯ ಹೊಸ್ತಿಲು ತುಳಿಯಲಾಗದ ಮನೆತನಗಳ ಹೆಣ್ಣುಮಕ್ಕಳಿಗೆ, ಸಾಮಾನ್ಯರ ಮಕ್ಕಳಿಗೆ ಖ್ಯಾಲ್ ಸಿಗುತ್ತಿರಲಿಲ್ಲ. ಅದನ್ನು ಮರೆತು ಪರೀಕ್ಷೆಗಳನ್ನು ಹೀಗಳೆಯುವುದು ಕೃತಘ್ನತೆ. ಆದರೆ ಪಠ್ಯಕ್ರಮ ಎಂದ ಮೇಲೆ ಇಷ್ಟು ರಾಗ, ಇಷ್ಟು ಚೀಜು, ಇಷ್ಟು ತಾನು ಎಂಬ ಎಣಿಕೆ ಬಂದೇ ಬರುತ್ತದೆ. ಎಣಿಕೆಯನ್ನು ಪೂರೈಸುವುದೇ ಕಲಿಕೆ ಎಂದು ಹಳ್ಳಿಯ ಕ್ಲಾಸುಗಳು ತಿಳಿದವು, ಪಾಲಕರು ನಂಬಿದರು.

ಎರಡನೆಯದು ಆಕಾಶವಾಣಿಯ ಧ್ವನಿಪರೀಕ್ಷೆ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಯಿತು. ಅದೇ ದಶಕದಲ್ಲಿ, ಬಿ.ವಿ. ಕೇಸ್ಕರ್ ಮಂತ್ರಿಗಳಾಗಿದ್ದಾಗ, ಕಲಾವಿದರನ್ನು ಹಾಡಿಸಿ ಬಿ, ಬಿ-ಹೈ, ಎ, ಟಾಪ್ ಎಂದು ದರ್ಜೆ ಕೊಡುವ ಪದ್ಧತಿ ಬಲವಾಯಿತು. ಉತ್ತರ ಕರ್ನಾಟಕದ ಸಂಗೀತಗಾರರ ಬದುಕಿನಲ್ಲಿ ಈ ದರ್ಜೆಗೆ ದೊಡ್ಡ ಬೆಲೆ. ಹೀಗಾಗಿ ‘ಆಡಿಷನ್’ ಎಂದರೆ ಕುಂದಿಲ್ಲದ ಹಾಡನ್ನು ಹಾಡಿ ತೋರಿಸುವುದು ಎಂಬ ಭಾವನೆ ಜನರಲ್ಲಿ ಉಳಿದುಬಿಟ್ಟಿತು. ಆಕಾಶವಾಣಿ ಕೇಳುವುದು ಕಲಿತು ಮುಗಿಸಿದವರ ಹಾಡನ್ನು. ಕಾಲೇಜು ಕೇಳುವುದು ಕಲಿಯಲು ಬಂದವರ ಕೊರಳನ್ನು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಚ್ಚಿದ್ದರಿಂದ ಹದಿನೆಂಟರ ಮಕ್ಕಳು ಐವತ್ತರ ಕಲಾವಿದರ ಹಾಗೆ ನಟಿಸಲು ತೊಡಗಿದರು.

ಈ ನಾಡಿನ ದೊಡ್ಡ ಗಾಯಕರನ್ನು ಮೊದಲ ಸಲ ಕೇಳಿದವರು ಏನನ್ನು ಕೇಳಿ ಆರಿಸಿಕೊಂಡರು ಎಂದು ನೋಡಿದರೆ ವಿಷಯ ಇನ್ನೂ ನಿಚ್ಚಳವಾಗುತ್ತದೆ. ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಬಾಲಕನಾಗಿ ವಾಮನರಾವ ಮಾಸ್ತರರ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು. ರಂಗದ ಮೇಲೆ ಅವರು ಹಾಡಿದ್ದನ್ನು ಕೇಳಿ ಮಿರಜಿನ ನೀಲಕಂಠಬುವಾ ಅವರನ್ನು ಕರೆದೊಯ್ದು ಗ್ವಾಲಿಯರ್ ಗಾಯಕಿಯ ಪಾಠ ಕೊಟ್ಟರು. ನೀಲಕಂಠಬುವಾ ಕೇಳಿದ್ದು ನಾಟಕದ ಪದ. ಅದರಲ್ಲಿ ಕಂಡದ್ದು ಖ್ಯಾಲಿನ ಗಾಯಕ. ಬಸವರಾಜ ರಾಜಗುರುಗಳನ್ನು ಪಂಚಾಕ್ಷರಿ ಗವಾಯಿಗಳು ಶಿಷ್ಯನನ್ನಾಗಿ ತೆಗೆದುಕೊಂಡದ್ದೂ ಬಾಲಕನ ಕೊರಳು ಕೇಳಿಯೇ ಹೊರತು ಅವನಿಗೆ ಎಷ್ಟು ರಾಗ ಬರುತ್ತದೆ ಎಂದು ಎಣಿಸಿ ಅಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ, ಸ್ವತಃ ಕಣ್ಣಿಲ್ಲದವರು, ಕಣ್ಣಿಲ್ಲದ ಮತ್ತು ಬಡವರ ಮಕ್ಕಳನ್ನು ಸಾಕಿ ಗಾಯಕರನ್ನಾಗಿ ಮಾಡಿದರು. ಆ ಮಕ್ಕಳಲ್ಲಿ ಹೆಚ್ಚಿನವರು ಬರುವಾಗ ರಾಗದ ಹೆಸರನ್ನೂ ಕೇಳಿದವರಲ್ಲ.

ಬಾಯಿಪಾಠದ ಪಕ್ಷದವರು ಇಲ್ಲಿ ಒಂದು ಗಟ್ಟಿ ಪ್ರಶ್ನೆ ಎತ್ತುತ್ತಾರೆ. ಗುರುಕುಲದಲ್ಲಿಯೂ ಕಲಿಕೆ ಬಾಯಿಪಾಠದಿಂದಲೇ ನಡೆಯುತ್ತಿತ್ತಲ್ಲವೇ, ಗುರು ಹಾಡಿದ್ದನ್ನು ಶಿಷ್ಯ ನೂರು ಸಲ ತಿರುಗಿ ಹಾಡುತ್ತಿದ್ದನಲ್ಲವೇ ಎಂಬುದು ಆ ಪ್ರಶ್ನೆ. ತಿರುಗಿ ಹಾಡುತ್ತಿದ್ದದ್ದು ನಿಜ. ಆದರೆ ತಿರುಗಿ ಹಾಡಿಸುತ್ತಿದ್ದದ್ದು ಪಲ್ಟಾಗಳನ್ನು, ಷಡ್ಜದ ನಿಲುಗಡೆಯನ್ನು, ರಾಗದ ಒಂದೊಂದು ಸಂಗತಿಯನ್ನು. ಪರೀಕ್ಷಕರ ಎದುರು ಒಪ್ಪಿಸುವ ಹತ್ತು ನಿಮಿಷದ ಕಟ್ಟನ್ನು ಅಲ್ಲ. ಭೀಮಸೇನ ಜೋಶಿಯವರು ಕುಂದಗೋಳದ ಸವಾಯಿ ಗಂಧರ್ವರ ಬಳಿ ಇದ್ದ ವರ್ಷಗಳಲ್ಲಿ ಮುಖ್ಯವಾಗಿ ಕಲಿತದ್ದು ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗ. ಇಂದಿನ ಕ್ಲಾಸಿನ ಲೆಕ್ಕದಲ್ಲಿ ಅದು ಒಂದು ಪರೀಕ್ಷೆಯ ಪಠ್ಯಕ್ಕೂ ಸಾಲದು. ಆ ಮೂರರಲ್ಲಿ ಸ್ವರ ಹಚ್ಚುವ ರೀತಿ, ಉಸಿರು ಹಿಡಿಯುವ ರೀತಿ, ಬಢತ್‌ನ ತಾಳ್ಮೆ ಎಲ್ಲವೂ ಬಂದುಬಿಟ್ಟಿತ್ತು. ಉಳಿದ ರಾಗಗಳಿಗೆ ಅದೇ ಸಾಕಾಯಿತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತದ್ದೂ ಅದೇ ಗುರುವಿನ ಬಳಿ, ಅದೇ ರೀತಿಯಲ್ಲಿ. ಹುರಿಗೊಳಿಸುವ ಪಾಠವೂ ಕಂಠಪಾಠದ ಕಟ್ಟೂ ಹೊರಗಿನಿಂದ ಒಂದೇ ಥರ ಕಂಡರೂ ಒಳಗೆ ಎದುರುಬದುರು. ಒಂದರಿಂದ ಬೇಕಾದಷ್ಟು ಹಾಡು ಹುಟ್ಟಬಹುದು, ಇನ್ನೊಂದರಲ್ಲಿ ಒಂದೇ ಹಾಡು ಮುಗಿದುಹೋಗುತ್ತದೆ.

ಅನುಕರಣೆ ಎಷ್ಟೇ ಚೆನ್ನಾಗಿದ್ದರೂ ಕಲಿಕೆಯ ಜಾಗದಲ್ಲಿ ನಿಲ್ಲದು ಎಂಬುದಕ್ಕೆ ಬೆಳಗಾವಿ ಜಿಲ್ಲೆಯಲ್ಲೇ ಒಂದು ಸಾಕ್ಷಿ ಇದೆ. 1924ರ ಏಪ್ರಿಲ್ 8ರಂದು ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಹುಡುಗ, ಮುಂದೆ ಕುಮಾರ ಗಂಧರ್ವ, ಹತ್ತು ವರ್ಷ ತುಂಬುವ ಮುನ್ನವೇ ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿ ಸಭೆಗಳನ್ನು ಬೆರಗುಗೊಳಿಸುತ್ತಿದ್ದ. ಇಂಥ ಬಾಯಿಪಾಠವನ್ನು ಇಂದಿನ ಯಾವ ಅಭ್ಯರ್ಥಿಯೂ ಮಾಡಲಾರ. ಆದರೂ ಅವನನ್ನು ಮುಂಬಯಿಯಲ್ಲಿ ಬಿ.ಆರ್. ದೇವಧರರ ಶಾಲೆಗೆ ಸೇರಿಸಬೇಕಾಯಿತು. ಅಲ್ಲಿ ಅವನು ವರ್ಷಗಟ್ಟಲೆ ರಾಗವನ್ನು ತನ್ನ ಬುದ್ಧಿಯಿಂದ ನೋಡುವುದನ್ನು ಕಲಿತ. ಬೇರೆಯವರ ಹಾಡನ್ನು ಹಾಡುವುದರಲ್ಲಿ ಅಷ್ಟು ಪಳಗಿದ ಹುಡುಗ ಮುಂದೆ ಯಾರ ಹಾಗೂ ಹಾಡದ ಗಾಯಕನಾದ. ತಟ್ಟೆಯ ನಕಲಿಗಿಂತ ಆ ಕಿವಿಯ ಚುರುಕು ಮುಖ್ಯ ಎಂದು ಗುರು ತಿಳಿದಿದ್ದರಿಂದ ಇದು ಸಾಧ್ಯವಾಯಿತು.

ಕುಮಾರ ಗಂಧರ್ವರ ವಿಷಯ ಇನ್ನೊಂದು ಕಾರಣಕ್ಕೂ ಇಲ್ಲಿ ಬೇಕು. ಕ್ಷಯದಿಂದ ನರಳಿ ದೇವಾಸದಲ್ಲಿ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಅವರು ಮಾಳವದ ಹಳ್ಳಿಯ ಹಾಡುಗಳನ್ನು ಕೇಳಿ, ಬರೆದಿಟ್ಟುಕೊಂಡು, ಆ ಧಾಟಿಗಳೊಳಗಿಂದ ಹೊಸ ರಾಗಗಳನ್ನು ಎತ್ತಿದರು. ರಾಗಗಳ ಬೇರು ಜನಪದ ಧಾಟಿಯಲ್ಲಿದೆ ಎಂಬುದು ಅವರ ಖಚಿತ ನಿಲುವು. ಸುಳೇಭಾವಿಯ ಮಗ ಹೀಗೆ ಹೇಳಿ ತೋರಿಸಿದ ಮೇಲೂ ಅದೇ ಜಿಲ್ಲೆಯ ಹಳ್ಳಿಯಲ್ಲಿ ‘ಭಜನೆಯಿಂದ ಕೊರಳು ಕೆಡುತ್ತದೆ’ ಎಂಬ ಮಾತು ನಡೆಯುತ್ತಿರುವುದು ನೋವಿನ ಸಂಗತಿ.

ಚಚಡಿಯ ಸುತ್ತಲಿನ ಸೀಮೆ ಹಾಡಿನಲ್ಲಿ ಬಡವಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ಚೌಡಿಕೆ ಪದಗಳು ಕೇಳುತ್ತವೆ. ಆ ಹಾಡಿನ ಹಿಂದೆ ದೇವದಾಸಿ ಪದ್ಧತಿಯ ಕ್ರೌರ್ಯವಿದೆ. 1982ರಲ್ಲಿ ಕಾನೂನಿನಿಂದ ನಿಷೇಧಿಸಬೇಕಾಯಿತೆಂಬುದನ್ನು ಮರೆತು ಅದನ್ನು ಬರಿಯ ಕಲೆಯೆಂದು ಕೊಂಡಾಡಬಾರದು. ಆದರೆ ಚೌಡಿಕೆಯ ಒಂಟಿ ತಂತಿಯ ನಾದಕ್ಕೆ ಕೊರಳು ಕೂಡಿಸಿ ರಾತ್ರಿಯಿಡೀ ಹಾಡುವವರ ಶ್ರುತಿಜ್ಞಾನ ಸಣ್ಣದಲ್ಲ. ಬೈಲಹೊಂಗಲ ಸೀಮೆಯ ಘಟನೆಯಿಂದ ಹುಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಇಂದಿಗೂ ಹಾಡಿನ ಬಲದಿಂದಲೇ ನಿಂತಿದೆ. ಗೀಗೀ ಪದದ ಮೇಳದಲ್ಲಿ ಡಪ್ಪು, ತುಂತುಣಿ, ತಾಳಗಳೊಡನೆ ಹಿಮ್ಮೇಳದವರು ಸರಿಯಾದ ಮಾತ್ರೆಗೆ ಬಂದು ಬೀಳುವುದನ್ನು ಕೇಳಿದವರಿಗೆ ಸಮ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರು ಕಂಪನಿ ನಾಟಕದ ರಂಗಗೀತೆಯಲ್ಲಿ ಪಳಗಿದ್ದು ಇದೇ ಮಣ್ಣಿನಲ್ಲಿ. ಶ್ರಾವಣದಲ್ಲಿ, ಅಮವಾಸ್ಯೆಯಲ್ಲಿ ಗುಡಿಯ ಭಜನೆಗೆ ಕುಳಿತು ಶಿಶುನಾಳ ಶರೀಫರ ತತ್ವಪದಗಳನ್ನು ಹಾಡುತ್ತ ಬೆಳೆದ ಹುಡುಗನಿಗೆ ಮೂರು ವಿಷಯ ಆಗಲೇ ಕೂಡಿಬಂದಿರುತ್ತವೆ: ಅಳುಕಿಲ್ಲದೆ ಬಿಟ್ಟ ಕೊರಳು, ಲಯದ ನೆನಪು, ಉದ್ದದ ಪದವನ್ನು ಮರೆಯದೆ ಹಿಡಿಯುವ ಶಕ್ತಿ. ಭೀಮಸೇನ ಜೋಶಿಯವರು ಎಳೆಯ ವಯಸ್ಸಿನಲ್ಲಿ ಹಾಡು ಭಜನೆಗಳ ಮೆರವಣಿಗೆಯ ಹಿಂದೆ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದರೆಂದೂ ಹುಡುಕಿ ದಣಿದ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದ್ದರೆಂದೂ ಗದುಗಿನ ಕಡೆ ಹೇಳುತ್ತಾರೆ.

ಭಜನೆ ಕಲಿಸದ ಸಂಗತಿಗಳೂ ಇವೆ, ಅವನ್ನು ಮುಚ್ಚಿಡಬೇಕಾಗಿಲ್ಲ. ಮೇಳದಲ್ಲಿ ಎಲ್ಲರೂ ಕೂಡಿ ಹಾಡುವುದರಿಂದ ಒಬ್ಬರ ಸ್ವರ ತುಸು ಇಳಿದರೂ ಕಾಣುವುದಿಲ್ಲ. ಮೈಕು ಬಂದ ಮೇಲೆ ಚೀರಿ ಹಾಡುವ ಚಾಳಿ ಹೆಚ್ಚಿದೆ, ಮಂದ್ರ ಸಪ್ತಕ ಮರೆಯಾಗಿದೆ. ಇವು ತಿದ್ದಬಹುದಾದ ಕೊರತೆಗಳು, ಮತ್ತು ತಿದ್ದಲೆಂದೇ ಕಾಲೇಜು ಇರುವುದು. ಎರಡು ತಿಂಗಳಲ್ಲಿ ಬರೆಸಿಕೊಂಡ ತಾನಿನ ಕೊರತೆಯನ್ನು ತಿದ್ದುವುದು ಅದಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಮೊದಲು ಕಲಿತದ್ದನ್ನು ಮರೆಸಬೇಕು.

‘ಪೇಟೆಯ ಮಕ್ಕಳು ಆರನೆಯ ವಯಸ್ಸಿನಿಂದ ಕಲಿತು ಬರುತ್ತಾರೆ, ಹಳ್ಳಿಯವರಿಗೆ ಗುರುವೂ ಇಲ್ಲ, ಕಾಲವೂ ಇಲ್ಲ, ಬಾಯಿಪಾಠವೊಂದೇ ಅವರಿಗೆ ಆಸರೆ’ ಎಂಬ ವಾದವನ್ನು ಮಾತ್ರ ಹಗುರಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದಿರುವ ಕಾಳಜಿ ನಿಜವಾದದ್ದು, ಅದು ಕೊಡುವ ಔಷಧ ಮಾತ್ರ ರೋಗವನ್ನೇ ಹೆಚ್ಚಿಸುವಂಥದು. ತಾನಿನ ವೇಗದಲ್ಲಿ ಎರಡು ತಿಂಗಳಿನವರು ಹತ್ತು ವರ್ಷದವರನ್ನು ಎಂದೂ ಮುಟ್ಟಲಾರರು. ತಮ್ಮ ಬಲ ಇಲ್ಲದ ಕಣದಲ್ಲಿ ಅವರನ್ನು ಇಳಿಸಿ, ಬಲವಿರುವ ಕಣದಿಂದ ಹೊರಗಿಡುವ ಉಪದೇಶ ಇದು. ಹಳ್ಳಿಯ ಹುಡುಗಿಗೆ ಬರುವ ತತ್ವಪದವನ್ನೇ ತಂಬೂರಿಗೆ ಕೂಡಿಸಿ, ಮೊದಲ ಸಾಲನ್ನು ನಿಧಾನವಾಗಿ ಶ್ರುತಿಶುದ್ಧವಾಗಿ ಹಾಡಲು ಬಿಟ್ಟರೆ, ಕೇಳುವವರಿಗೆ ಅವಳ ಕೊರಳು ಗೊತ್ತಾಗುತ್ತದೆ. ಬರೆಸಿಕೊಂಡ ಮಾಲಕಂಸದ ಹಿಂದೆ ಅವಳು ಮರೆಯಾಗುತ್ತಾಳೆ.

ಹಾಗಾದರೆ ತಯಾರಿ ಬೇಡವೇ? ಬೇಕು, ಬಹಳ ಬೇಕು, ಮತ್ತು ಅದು ಷಡ್ಜದಿಂದ ಆರಂಭವಾಗಬೇಕು. ಮೊದಲ ಕೆಲಸ ತನ್ನ ಶ್ರುತಿಯನ್ನು ಕಂಡುಕೊಳ್ಳುವುದು. ಕ್ಲಾಸುಗಳಲ್ಲಿ ಗಂಡುಮಕ್ಕಳಿಗೆಲ್ಲ ಪೇಟಿಯ ಕಪ್ಪು ಒಂದು, ಹೆಣ್ಣುಮಕ್ಕಳಿಗೆಲ್ಲ ಕಪ್ಪು ನಾಲ್ಕು ಎಂದು ಒಟ್ಟಿಗೆ ಕೂರಿಸುವುದು ಕಲಿಸುವವರ ಅನುಕೂಲಕ್ಕೆ. ಕೊರಳಿನ ಅನುಕೂಲ ಬೇರೆ. ಮಂದ್ರ ಪಂಚಮದವರೆಗೆ ಇಳಿದು ತಾರ ಷಡ್ಜ, ಗಾಂಧಾರದವರೆಗೆ ಎಳೆದಾಡದೆ ಹೋಗುವ ಮನೆ ಯಾವುದೋ ಅದೇ ಆ ಕೊರಳಿನ ಶ್ರುತಿ. ಗಂಡುಮಕ್ಕಳ ಧ್ವನಿ ಒಡೆದು ನೆಲೆಗೊಳ್ಳುವ ವಯಸ್ಸಿನ ಬೆನ್ನಿಗೇ ಈ ಪರೀಕ್ಷೆ ಬರುವುದರಿಂದ ಒಂದು ವರ್ಷದ ಹಿಂದಿನ ಶ್ರುತಿ ಇಂದಿಗೆ ಹೊಂದದೆ ಇರಬಹುದು; ಅದನ್ನು ತಿರುಗಿ ನೋಡಿಕೊಳ್ಳಬೇಕು. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳಲ್ಲಿರುವುದು ತೆಳುವಾದ ಎತ್ತರದ ಧ್ವನಿ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಡುಸಾಗಿ ಕೆಳಗಿಳಿಯಿತು. ಹೆಂಗಸರ ಧ್ವನಿ ಹೀಗಿರಬೇಕೆಂಬ ಲೋಕದ ಅಳತೆಗೆ ಅವರು ಕೊರಳನ್ನು ಎಳೆಯಲಿಲ್ಲ. ಬಂದ ಧ್ವನಿಯಲ್ಲೇ ಹಾಡಿ, ಅದರ ಗಾಂಭೀರ್ಯದಿಂದಲೇ ಹೆಸರಾದರು. ಕೊರಳನ್ನು ಇನ್ನೊಬ್ಬರ ಮನೆಗೆ ಹೊಂದಿಸಲು ಹೆಣಗುತ್ತಿರುವ ಪ್ರತಿಯೊಬ್ಬ ಹುಡುಗಿಗೂ ಇದನ್ನು ಹೇಳಬೇಕು.

ಶ್ರುತಿ ಸಿಕ್ಕ ಮೇಲೆ ತಂಬೂರಿ. ಮಿರಜಿನ ಕುಶಲಕರ್ಮಿಗಳು ಮಾಡಿದ ತಂಬೂರಿ ಕೊಳ್ಳುವ ಶಕ್ತಿ ಎಲ್ಲರಿಗೂ ಇರದು. ಮೊಬೈಲಿನ ತಂಬೂರಿಯೂ ನಡೆಯುತ್ತದೆ. ನಡೆಯಬಾರದ್ದು ಪೇಟಿಯ ಮನೆಗಳನ್ನು ಒತ್ತುತ್ತ ಪ್ರತಿ ಸ್ವರವನ್ನೂ ಅದರ ಬೆನ್ನ ಹಿಂದೆ ಹಾಡುವ ರೂಢಿ. ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದಾರೆ. ಸಪ್ತಕವನ್ನು 1200 ಸೆಂಟುಗಳೆಂದು ಅಳೆದರೆ ಪೇಟಿಯ ಶುದ್ಧ ಗಾಂಧಾರ 400ರಲ್ಲಿ ನಿಲ್ಲುತ್ತದೆ. ತಂಬೂರಿಯ ಖರ್ಜದ ತಂತಿಯಿಂದ ತಾನಾಗಿಯೇ ಹೊಮ್ಮುವ ಗಾಂಧಾರ ಸುಮಾರು 386ರಲ್ಲಿದೆ. ಹದಿನಾಲ್ಕು ಸೆಂಟು ಕಿವಿಗೆ ಗೊತ್ತಾಗದಷ್ಟು ಚಿಕ್ಕದಲ್ಲ. ಪೇಟಿಯ ಗಾಂಧಾರಕ್ಕೆ ಒಗ್ಗಿದ ಕೊರಳು ಭೂಪದ ಗಾಂಧಾರದಲ್ಲಿ ಎಂದೂ ವಿಶ್ರಾಂತಿ ಪಡೆಯುವುದಿಲ್ಲ, ಸದಾ ತುಸು ಮೇಲೆ ತೂಗುತ್ತಿರುತ್ತದೆ. ಪೇಟಿಯನ್ನು ದೂಷಿಸುವ ಅಗತ್ಯವಿಲ್ಲ. 1940ರಿಂದ ಮೂರು ದಶಕ ಆಕಾಶವಾಣಿ ಅದನ್ನು ಹೊರಗಿಟ್ಟದ್ದು ಅತಿಯಾಯಿತು. ಆದರೆ ಸ್ವರವನ್ನು ಹುಡುಕುವ ಕೆಲಸ ಕಿವಿಯದು, ಅದನ್ನು ಬೆರಳಿಗೆ ಒಪ್ಪಿಸಬಾರದು. ದಿನವೂ ಬೆಳಿಗ್ಗೆ ತಂಬೂರಿಯೊಂದನ್ನೇ ಹಚ್ಚಿಕೊಂಡು ಷಡ್ಜ, ಮಂದ್ರ ಪಂಚಮ, ಮತ್ತೆ ಷಡ್ಜ, ಆಮೇಲೆ ಗಾಂಧಾರ ಎಂದು ಉದ್ದುದ್ದ ನಿಲ್ಲಿಸಿ ಹಾಡುವುದು ಹತ್ತು ತಾನುಗಳಿಗಿಂತ ಹೆಚ್ಚಿನ ತಯಾರಿ.

ರಾಗ ಆರಿಸುವಾಗ ದೊಡ್ಡ ಹೆಸರಿನ ಮೋಹ ಬಹಳ ಮಂದಿಯನ್ನು ಕೆಡಿಸುತ್ತದೆ. ದರಬಾರಿಯ ಆಂದೋಲಿತ ಗಾಂಧಾರವನ್ನು ಎರಡು ತಿಂಗಳಲ್ಲಿ ಹಿಡಿಯಲಾಗದು. ಹಿಡಿದಂತೆ ನಟಿಸಿದರೆ ಮೊದಲ ನಿಮಿಷದಲ್ಲೇ ಬಯಲಾಗುತ್ತದೆ. ಭೂಪ, ಯಮನ್, ದುರ್ಗಾ, ಭೈರವ ಇವುಗಳಲ್ಲಿ ಒಂದು ಸಾಕು. ಭೂಪವನ್ನೇ ತೆಗೆದುಕೊಂಡರೆ ಸಾ ರೇ ಗ ಪ ಧ ಎಂಬ ಐದೇ ಸ್ವರ. ಅದೇ ಐದು ಸ್ವರ ದೇಶಕಾರದಲ್ಲೂ ಇವೆ. ಭೂಪ ಗಾಂಧಾರದಲ್ಲಿ ನೆಲೆಸುತ್ತದೆ, ಸಂಜೆಯದು. ದೇಶಕಾರ ಧೈವತದಲ್ಲಿ ನೆಲೆಸುತ್ತದೆ, ಬೆಳಗಿನದು. ಈ ಒಂದು ಭೇದವನ್ನು ಹಾಡಿ ತೋರಿಸಬಲ್ಲ ಅಭ್ಯರ್ಥಿ ರಾಗ ಎಂದರೇನೆಂದು ಬಲ್ಲವನು. ಇಪ್ಪತ್ತು ರಾಗಗಳ ಆರೋಹ ಅವರೋಹ ಒಪ್ಪಿಸಿ ಈ ಭೇದವನ್ನು ತೋರಿಸಲಾಗದವನಿಗೆ ಇಪ್ಪತ್ತರಲ್ಲಿ ಒಂದೂ ಬಂದಿಲ್ಲ. ಪರೀಕ್ಷೆ ಸಾಮಾನ್ಯವಾಗಿ ಹಗಲಿನಲ್ಲಿ ನಡೆಯುವುದರಿಂದ ಬೆಳಗಿನ ರಾಗವೊಂದು ಕೈಯಲ್ಲಿದ್ದರೆ ಒಳ್ಳೆಯದು, ಆದರೆ ಬೆಳಿಗ್ಗೆ ಯಮನ್ ಹಾಡಿದ್ದಕ್ಕೆ ಕಲಿಯಲು ಬಂದವರನ್ನು ತಿರುಗಿ ಕಳಿಸುವಷ್ಟು ಬಿಗಿಯಾದ ಮಡಿ ಅಧ್ಯಾಪಕರಲ್ಲಿ ಇರಬಾರದು.

ಆರಿಸಿದ ಆ ಒಂದು ರಾಗದಲ್ಲಿ ಬರೆದುಕೊಂಡ ಆಲಾಪ ಬೇಡ. ಒಂದೇ ಸ್ವರದ ಸುತ್ತ ನಾಲ್ಕು ಬಗೆಯಲ್ಲಿ ಬರುವುದು, ಮುಖಡಾ ಹಿಡಿದು ಸಮಕ್ಕೆ ಬೀಳುವುದು, ತಪ್ಪಿದರೆ ಅಳುಕದೆ ಮುಂದಿನ ಆವರ್ತನದಲ್ಲಿ ಕೂಡಿಕೊಳ್ಳುವುದು, ಇಷ್ಟನ್ನು ರೂಢಿಸಿದರೆ ಹೊಸ ಪ್ರಶ್ನೆಗೂ ಕೊರಳು ಉತ್ತರ ಕೊಡುತ್ತದೆ. ತೀನತಾಲದ ಹದಿನಾರು ಮಾತ್ರೆಯನ್ನು ಕೈಯಲ್ಲಿ ಹಾಕುತ್ತ, ಒಂಬತ್ತನೆಯದರಲ್ಲಿ ಖಾಲಿ ತೋರಿಸುತ್ತ ಹಾಡುವುದು ಭಜನೆಯ ಮನೆಯವರಿಗೆ ವಾರದ ಕೆಲಸ. ಝಪತಾಲದ ಹತ್ತು, ಏಕತಾಲದ ಹನ್ನೆರಡು ಮಾತ್ರೆಗಳಿಗೆ ಇನ್ನಷ್ಟು ದಿನ ಬೇಕು. ತಬಲಾದ ಅಭ್ಯರ್ಥಿಗಳಲ್ಲಿ ಇದೇ ಕಾಯಿಲೆ ಬೇರೆ ರೂಪದಲ್ಲಿದೆ: ಕಾಯದಾವನ್ನು ಚೌಪಟ್ಟಿನಲ್ಲಿ ಸುರಿಯಬಲ್ಲವರು ವಿಲಂಬಿತದ ಠೇಕಾವನ್ನು ಎರಡು ನಿಮಿಷ ಅಲುಗಾಡದೆ ಹಿಡಿಯಲಾರರು. ಸಾಥಿಗೆ ಕೂರಿಸಿದಾಗ ಬೇಕಾಗುವುದು ಠೇಕಾ. ಡಗ್ಗಾದ ಗುಮಕಿಯಲ್ಲಿ ಸ್ವರವಿದೆಯೇ ಎಂದು ನೋಡುವ ಕಿವಿಗೆ ಬೋಲುಗಳ ವೇಗ ಮುಖ್ಯವಾಗುವುದಿಲ್ಲ.

ಸರ್ಟಿಫಿಕೇಟಿನ ವಿಷಯ ಬೇಗ ಮುಗಿಯುತ್ತದೆ. ಅದು ಒಂದು ದಿನದ ಪರೀಕ್ಷೆಯ ಫಲಿತಾಂಶ. ಕಾಲೇಜಿನ ನಿಯಮ ಕೇಳಿದರೆ ಕೊಡಬೇಕು, ಕೇಳದಿದ್ದರೆ ಅದರ ಮೇಲೆ ಭಾರ ಹಾಕಬಾರದು. ಥಾಟು, ವಾದಿ, ಸಂವಾದಿ, ರಾಗದ ಸಮಯ, ತಾನು ಹಾಡುವ ಚೀಜಿನ ತಾಳ ಇವನ್ನು ತಿಳಿದಿರಬೇಕು, ಅದು ಹದಿನೈದು ದಿನದ ಓದು. ಕೇಳುವುದಕ್ಕೆ ಮಾತ್ರ ಕಾಲಮಿತಿ ಇಲ್ಲ: ಮನಸೂರರ, ರಾಜಗುರುಗಳ, ಗಂಗೂಬಾಯಿಯವರ ಧ್ವನಿಮುದ್ರಿಕೆಗಳು ಇಂದು ಮೊಬೈಲಿನಲ್ಲಿ ಸಿಗುತ್ತವೆ. ಅವರಂತೆ ಹಾಡಲು ಕೇಳಬಾರದು. ಅದೇ ಭೂಪವನ್ನು ಇಬ್ಬರು ಎಷ್ಟು ಬೇರೆಯಾಗಿ ಹಾಡಿದ್ದಾರೆ ಎಂದು ಕಾಣಲು ಕೇಳಬೇಕು.

ಬಾಯಿಪಾಠದ ರೂಢಿ ಬದುಕಿರುವುದರಲ್ಲಿ ಕೇಳುವವರ ಪಾಲೂ ಇದೆ, ಅದನ್ನು ಹೇಳದಿದ್ದರೆ ಈ ಖಂಡನೆ ಒಮ್ಮುಖವಾಗುತ್ತದೆ. ‘ಯಾವ ರಾಗ ಬರುತ್ತದೆ, ಹಾಡಿ’ ಎಂದು ಕೇಳಿ, ಹಾಡಿದ್ದಕ್ಕೆ ತಲೆಯಾಡಿಸಿ ಕಳಿಸುವ ಸಮಿತಿಗಳು ಕಂಠಪಾಠದವರಿಗೆ ಬಹುಮಾನ ಕೊಡುತ್ತಿವೆ. ಪಾಶ್ಚಾತ್ಯ ಸಂಗೀತದ ಪರೀಕ್ಷೆಗಳಲ್ಲಿ ಸಿದ್ಧಪಡಿಸಿದ ಕೃತಿಯ ಜೊತೆಗೆ ಕಿವಿಯ ಪರೀಕ್ಷೆಯೂ ಆ ಕ್ಷಣದಲ್ಲೇ ಕಂಡ ಸ್ವರಲಿಪಿಯನ್ನು ನುಡಿಸುವ ಪರೀಕ್ಷೆಯೂ ಇರುತ್ತವೆ. ನಮ್ಮಲ್ಲಿ ಅದಕ್ಕೆ ಸಮನಾದದ್ದು ಹಿಂದಿನಿಂದಲೂ ಇದೆ: ಗುರು ಹೊಸ ಸಂಗತಿಯೊಂದನ್ನು ಹಾಡಿ ಶಿಷ್ಯನ ಕಡೆ ನೋಡುವುದು. ಆ ಒಂದು ಕ್ರಮವನ್ನು ಪ್ರತಿ ಸಮಿತಿಯೂ ಕಡ್ಡಾಯ ಮಾಡಿಕೊಂಡು, ಅರ್ಧ ಸಮಯವನ್ನು ಅದಕ್ಕೇ ಮೀಸಲಿಟ್ಟು, ಅಭ್ಯರ್ಥಿ ತನ್ನೂರಿನ ಒಂದು ಹಾಡನ್ನು ಹಾಡಲು ಅವಕಾಶ ಕೊಟ್ಟರೆ ಎರಡು ತಿಂಗಳ ಕ್ಲಾಸುಗಳ ಬುಡವೇ ಸಡಿಲಾಗುತ್ತದೆ. ಪ್ರವೇಶದ ಪ್ರಕಟಣೆಯಲ್ಲೇ ಇದನ್ನು ಬರೆದರೆ ಚಚಡಿಯ ಪಾಲಕರಿಗೂ ಕ್ಲಾಸಿಗೆ ಹಣ ಹೊಂದಿಸುವ ಮುನ್ನ ನಿಜ ತಿಳಿಯುತ್ತದೆ.

ಪರೀಕ್ಷೆಯ ದಿನದ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಹಳ್ಳಿಯಿಂದ ನಸುಕಿನ ಬಸ್ಸು ಹಿಡಿದು, ನಿಂತು ಬಂದು, ಧೂಳು ಕುಡಿದ ಕೊರಳಿನಲ್ಲಿ ನೇರವಾಗಿ ಒಳಗೆ ಹೋಗಬಾರದು. ಸಾಧ್ಯವಿದ್ದರೆ ಹಿಂದಿನ ರಾತ್ರಿಯೇ ಬಂಧುಗಳ ಮನೆಯಲ್ಲಿ ಇಳಿಯಬೇಕು. ಎಣ್ಣೆಯ ತಿಂಡಿ, ತಣ್ಣನೆಯ ನೀರು ಬೇಡ. ಒಳಗೆ ಹೋಗುವ ಮುನ್ನ ಮಂದ್ರದಲ್ಲಿ ಕಾಲು ತಾಸು ಸದ್ದಿಲ್ಲದೆ ಷಡ್ಜ ಹಚ್ಚಿದರೆ ಸಾಕು. ತನ್ನ ಶ್ರುತಿ ಯಾವುದೆಂದು ತಾನೇ ಹೇಳಬೇಕು. ಸಾಥಿದಾರರು ಹಚ್ಚಿದ್ದು ಸರಿ ಬರದಿದ್ದರೆ ಬದಲಿಸಲು ಕೇಳಲು ಸಂಕೋಚಪಡಬಾರದು. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎನ್ನಬೇಕು.

ಸೀಟು ಸಿಗದಿದ್ದವರಿಗೆ ದಾರಿ ಅಲ್ಲಿಗೆ ಮುಗಿಯುವುದಿಲ್ಲ. ಗದುಗಿನ ಪುಣ್ಯಾಶ್ರಮವಿದೆ, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಗುರುಕುಲವಿದೆ, ಧಾರವಾಡ ಬೆಳಗಾವಿಗಳಲ್ಲಿ ಮನೆಯಲ್ಲಿ ಪಾಠ ಹೇಳುವ ಗುರುಗಳಿದ್ದಾರೆ; ಮುಂದಿನ ವರ್ಷ ಮತ್ತೆ ಪರೀಕ್ಷೆ ಬರುತ್ತದೆ. ಒಂದು ವರ್ಷ ಷಡ್ಜ, ಪಲ್ಟಾ, ಒಂದು ರಾಗ ಎಂದು ಕುಳಿತವರು ಮರುವರ್ಷ ಬೇರೆಯೇ ಕೊರಳಿನೊಂದಿಗೆ ಬರುತ್ತಾರೆ. ಮನಸೂರರು ಜೈಪುರ ಅತ್ರೌಳಿ ಘರಾಣೆಯ ಮಂಜಿಖಾನರ ಎದುರು ಶಿಷ್ಯನಾಗಿ ಕುಳಿತಾಗ ಅವರ ಸ್ವಂತ ಹಾಡಿನ ಗ್ರಾಮಫೋನ್ ತಟ್ಟೆಗಳು ಆಗಲೇ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. 1937ರಲ್ಲಿ ಮಂಜಿಖಾನರು ತೀರಿಕೊಂಡ ಮೇಲೆ ಅವರು ಭೂರ್ಜಿಖಾನರ ಬಳಿ ಪಾಠ ಮುಂದುವರಿಸಿದರು.